10,000 ಕಿ.ಮೀ. ಸರ್ವಿಸ್: 9,970ರ ಎಸ್ಟಿಮೇಟ್ 2,420ಕ್ಕೆ ಇಳಿದ ಕಥೆ (ಕಾಪು–ಬೈಕಂಪಾಡಿ ಓಡಾಟ)

ಕಾಪು ದೀಪಸ್ತಂಭ

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಬರೆಯುತ್ತೇನೆ. ಹೊರಗೆ ಜೋರು ಮಳೆ, ಕರೆಂಟ್ ಇಲ್ಲ, ಮೊಬೈಲಲ್ಲಿ ಚಾರ್ಜ್ ಮಾತ್ರ ಉಂಟು.

2025ರ ಆಯುಧ ಪೂಜೆಗೆ ಕಾರು ಮನೆಗೆ ಬಂತು. 1.2 ಲೀಟರ್ ಪೆಟ್ರೋಲ್, ನಾಲ್ಕು ಮೀಟರಿನ ಒಳಗೆ, ಮ್ಯಾನುವಲ್ ಗೇರ್. ಕಂಪನಿ ಹೆಸರು, ಡೀಲರ್ ಹೆಸರು ಎರಡೂ ಹಾಕುವುದಿಲ್ಲ. ಹೆಸರು ಹಾಕಿದ ಕೂಡಲೇ ಆ ಕಂಪನಿ ಒಳ್ಳೆಯದಾ ಈ ಕಂಪನಿ ಒಳ್ಳೆಯದಾ ಅಂತ ಜಗಳ ಶುರುವಾಗುತ್ತದೆ. ನಾನು ಹೇಳಬೇಕಾದ್ದು ಅಲ್ಲಿಗೇ ಮುಳುಗುತ್ತದೆ.

ಮೊದಲು ಚೌತಿಗೇ ತಗೊಳ್ಳುವ ಅಂತಿದ್ದೆ. ಅಷ್ಟರಲ್ಲಿ ಜಿಎಸ್‌ಟಿ ಇಳಿಯುತ್ತದೆ ಅಂತ ಸುದ್ದಿ ಬಂತು. "ಇಷ್ಟು ವರ್ಷ ಬಸ್ಸಲ್ಲಿ ಹೋದವನಿಗೆ ಇನ್ನೊಂದು ತಿಂಗಳು ಭಾರವಾ?" ಅಂದರು ಅಪ್ಪ. ಕಾದೆ. ಸೆಪ್ಟೆಂಬರ್ 22ರಿಂದ ಇಂಥ ಸಣ್ಣ ಪೆಟ್ರೋಲ್ ಕಾರಿಗೆ ಸೆಸ್ ಸೇರಿ 29% ಇದ್ದ ತೆರಿಗೆ 18% ಆಯಿತು. ನನಗೆ ಇನ್ನೊಂದು ಲಾಭವೂ ಸಿಕ್ಕಿತು. ನಾನು ನೋಡಿಟ್ಟ ವೇರಿಯಂಟ್ ಮೊದಲು 10 ಲಕ್ಷದ ಗೆರೆ ದಾಟುತ್ತಿತ್ತು, ಬೆಲೆ ಇಳಿದು ಗೆರೆಯ ಕೆಳಗೆ ಬಂತು. ನಮ್ಮ ರಾಜ್ಯದಲ್ಲಿ 10 ಲಕ್ಷ ದಾಟಿದರೆ ರೋಡ್ ಟ್ಯಾಕ್ಸ್ 17%, ಅದರ ಕೆಳಗೆ 14%. ಮೇಲಿಂದ ಸೆಸ್ ಬೇರೆ. ಈ ಒಂದು ಗೆರೆಯಲ್ಲಿ ಉಳಿದ ಹಣದಲ್ಲಿ ಮೂರು ನಾಲ್ಕು ವರ್ಷದ ಸರ್ವಿಸ್ ಆಗುತ್ತದೆ. ಸರಿಯಾಗಿ ಮಾಡಿಸಿದರೆ ಅಂತ ಸೇರಿಸಬೇಕು.

ಓಡಾಟ ದಿನಾ ಉಡುಪಿ ಕಡೆಯ ಕಾಪುವಿನಿಂದ ಮಂಗಳೂರಿನ ಬೈಕಂಪಾಡಿಗೆ, ಹೋಗಿ ಬಂದು 60 ಕಿ.ಮೀ. ಹತ್ತಿರ. ಎಂಟು ತಿಂಗಳಲ್ಲಿ ಅನಿಸಿದ್ದು ಹೇಳುತ್ತೇನೆ. ಎಂಜಿನ್ ಸಪ್ಪೆ, ಆದರೆ ಕಿರಿಕಿರಿ ಇಲ್ಲ. ಓವರ್‌ಟೇಕ್ ಮಾಡಬೇಕಾದರೆ ಒಂದು ಗೇರ್ ಇಳಿಸಲೇಬೇಕು, ಇಲ್ಲದಿದ್ದರೆ ಹಿಂದಿನ ಎಕ್ಸ್‌ಪ್ರೆಸ್ ಬಸ್ಸಿನವನ ಹಾರ್ನ್ ನಮ್ಮ ಸೀಟಿನಲ್ಲೇ ಕೂತಂತೆ ಇರುತ್ತದೆ. ಸಸ್ಪೆನ್ಶನ್ ಮಾತ್ರ ಚಿನ್ನ. ಸುರತ್ಕಲ್–ನಂತೂರು ರಸ್ತೆಯ ಹೊಂಡಗಳಲ್ಲೂ ಅಮ್ಮ ಬೆನ್ನು ಹಿಡಿದುಕೊಳ್ಳಲಿಲ್ಲ. ಪರ್ಕಳ ಕಡೆಯಿಂದ ಮಣಿಪಾಲ ಏರುವಾಗ ಹಿಲ್ ಹೋಲ್ಡ್ (ಏರಿನಲ್ಲಿ ಕಾರು ಹಿಂದೆ ಜಾರದ ಹಾಗೆ ಹಿಡಿಯುವುದು) ಇದ್ದದ್ದು ಉಪಕಾರ ಆಯಿತು. ಹೆಡ್‌ಲೈಟ್ ಮಳೆಗೆ ಸಾಲದು. ಸ್ಕ್ರೀನ್ ಎರಡು ಸಲ ಹ್ಯಾಂಗ್ ಆಗಿ ತಾನೇ ಸರಿಯಾಯಿತು. ಮೈಲೇಜ್ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದ್ದು: ಹೈವೇಯಲ್ಲಿ 17.8, ಮಂಗಳೂರು ಪೇಟೆಯೊಳಗೆ 13. ಡ್ಯಾಶ್‌ಬೋರ್ಡ್ ತೋರಿಸುವುದು ಯಾವಾಗಲೂ ಒಂದು ಒಂದೂವರೆ ಜಾಸ್ತಿ.

ಹೆಜಮಾಡಿ ಟೋಲ್ ದಿನಕ್ಕೆ ಎರಡು ಸಲ. 3,000 ರೂಪಾಯಿಯ ವಾರ್ಷಿಕ ಫಾಸ್ಟ್ಯಾಗ್ ಪಾಸ್ ತಗೊಂಡೆ. 200 ಸಲ ದಾಟಬಹುದು. ಹೆಸರು ವಾರ್ಷಿಕ, ನನಗೆ ನಾಲ್ಕು ತಿಂಗಳಲ್ಲಿ ಮುಗಿಯಿತು.

ಈಗ ಮುಖ್ಯ ವಿಷಯ. 1,000 ಮತ್ತು 5,000ದ ಸರ್ವಿಸ್ ಲೆಕ್ಕಕ್ಕಿಲ್ಲ. ತೊಳೆದು, ನೋಡಿ, ಹಿಂದಿನ ಬಾಗಿಲಿನ ಒಂದು ಕಟಕಟ ಸರಿ ಮಾಡಿ ಕೊಟ್ಟರು. 10,000ದ್ದು ಮೂರನೆಯ ಫ್ರೀ ಸರ್ವಿಸ್, ಎಂಜಿನ್ ಆಯಿಲ್ ಮೊದಲ ಸಲ ಬದಲಿಸುವುದು. ಫ್ರೀ ಅಂದರೆ ಲೇಬರ್ ಮಾತ್ರ ಫ್ರೀ. ಬೆಳಗ್ಗೆ ಒಂಬತ್ತಕ್ಕೆ ಕಾರು ಬಿಟ್ಟೆ. ಅಡ್ವೈಸರ್ ಹುಡುಗ (ನಮ್ಮ ಹತ್ತಿರ ಕೇಳಿ ಸರ್ವಿಸ್ ಕೆಲಸ ಬರೆದುಕೊಳ್ಳುವವ) ಟ್ಯಾಬ್ ಹಿಡಿದು ಕಾರಿಗೆ ಒಂದು ಸುತ್ತು ಬಂದ, ಬಹಳ ಮರ್ಯಾದೆಯಿಂದ "ಸರ್, ಒಟಿಪಿ ಬಂದಿರಬಹುದು, ಸ್ವಲ್ಪ ಹೇಳಿ" ಅಂದ. ಹೇಳುವ ಮೊದಲು ಎಸ್ಟಿಮೇಟ್ ತೋರಿಸಿ ಅಂದೆ. 9,970.

ಅದರಲ್ಲಿ ಆಯಿಲ್ 2,090, ಫಿಲ್ಟರ್ ಮತ್ತು ವಾಷರ್ 150. ಇಲ್ಲಿವರೆಗೆ ಸರಿ. ಉಳಿದದ್ದು ಕೇಳಿ: ಅಂಡರ್‌ಬಾಡಿ ಕೋಟಿಂಗ್ ಟಾಪ್‌ಅಪ್ 1,900, ಇಂಟೀರಿಯರ್ ಕ್ಲೀನಿಂಗ್ 1,300, ಎಸಿ ಕ್ಲೀನಿಂಗ್ 1,250, ಚಕ್ರದ ಅಲೈನ್‌ಮೆಂಟ್ ಬ್ಯಾಲೆನ್ಸಿಂಗ್ 1,150, ಇಲಿ ಸ್ಪ್ರೇ 800, ಬ್ರೇಕ್ ಕ್ಲೀನಿಂಗ್ 700, ಎಂಜಿನ್ ಡ್ರೆಸ್ಸಿಂಗ್ 450, ಕನ್ಸ್ಯೂಮಬಲ್ಸ್ ಅಂತ 180. ಎಂಟು ತಿಂಗಳ ಕಾರಿಗೆ!

ಗ್ಲೋವ್‌ಬಾಕ್ಸಿನಿಂದ ಮ್ಯಾನುವಲ್ ತೆಗೆದು ಸರ್ವಿಸ್ ಟೇಬಲ್ ಇರುವ ಪುಟ ಬಿಡಿಸಿ ಅವನ ಎದುರು ಇಟ್ಟೆ. 10,000ಕ್ಕೆ ಆಯಿಲ್, ಆಯಿಲ್ ಫಿಲ್ಟರ್ ಬದಲಿಸಬೇಕು, ಉಳಿದದ್ದು ಬರೀ ನೋಡಬೇಕು. "ಇದರಲ್ಲಿ ಇದ್ದದ್ದು ಮಾತ್ರ ಮಾಡಿ." ಅವನ ಮುಖ ಸಣ್ಣದಾಯಿತು. "ಸರ್, ನಮ್ಮದು ಕೋಸ್ಟಲ್ ಏರಿಯಾ ಅಲ್ವಾ, ತುಕ್ಕು ಹಿಡಿದರೆ ವಾರಂಟಿ ಕ್ಲೇಮ್ ಕಷ್ಟ" ಅಂದ. ಆ ವಾರಂಟಿ ಷರತ್ತು ಎಲ್ಲಿ ಬರೆದಿದೆ ತೋರಿಸಿ ಅಂದೆ, ಮಾತು ಅಲ್ಲಿಗೆ ನಿಂತಿತು.

ಆಯಿಲ್, ಫಿಲ್ಟರ್, ಆ ಕನ್ಸ್ಯೂಮಬಲ್ಸ್ ಸೇರಿ 2,420ಕ್ಕೆ ಒಪ್ಪಿ ಒಟಿಪಿ ಕೊಟ್ಟೆ. ಸಂಜೆ ಹೋದರೆ ಬಿಲ್ 3,220. ಇಲಿ ಸ್ಪ್ರೇ "ಬೈ ಮಿಸ್ಟೇಕ್ ಹೊಡೆದಾಗಿದೆ ಸರ್". ಬೈ ಮಿಸ್ಟೇಕ್ ಹೊಡೆದದ್ದು ಬೈ ಮಿಸ್ಟೇಕ್ ಬಿಲ್ಲಿಗೂ ಬರುತ್ತದಾ? ಬಾನೆಟ್ ತೆಗೆದೆ. ಸ್ಪ್ರೇಯ ವಾಸನೆಯೂ ಇಲ್ಲ. ನಲವತ್ತು ನಿಮಿಷ ಕೂತೆ. ಮ್ಯಾನೇಜರ್ ಬಂದು ತೆಗೆದರು.

ಅಲೈನ್‌ಮೆಂಟ್ ನಿಜಕ್ಕೂ ಬೇಕಿತ್ತು. ಕೂಳೂರಿನ ಹತ್ತಿರ ಹೊಂಡಕ್ಕೆ ಬಿದ್ದ ಮೇಲೆ ಕಾರು ಎಡಕ್ಕೆ ಎಳೆಯುತ್ತಿತ್ತು. ಪಡುಬಿದ್ರಿಯ ಟಯರ್ ಅಂಗಡಿಯಲ್ಲಿ ಬ್ಯಾಲೆನ್ಸಿಂಗ್ ಸೇರಿ 700ಕ್ಕೆ ಮಾಡಿಸಿದೆ, ಪಕ್ಕದಲ್ಲಿ ನಿಂತು ನೋಡಿದೆ.

ನನ್ನ ಪ್ರಶ್ನೆ: ಬಿಟ್ಟದ್ದರಲ್ಲಿ ಯಾವುದಾದರೂ ಬೇಕಾದದ್ದು ಇತ್ತಾ? ಸಮುದ್ರ ನಮ್ಮ ಮನೆಯಿಂದ 600 ಮೀಟರ್. ತುಕ್ಕಿನ ಹೆದರಿಕೆ ಸುಳ್ಳಲ್ಲ.

ಬಂಟ್ವಾಳ 70

ಒಳ್ಳೆ ಕೆಲಸ ಮಾಡಿದಿರಿ. ನಾನು ಇದೇ 10,000ಕ್ಕೆ 8,600 ಕೊಟ್ಟು ಬಂದವ. ಮನೆಗೆ ಬಂದು ಹೆಂಡತಿಗೆ 4,000 ಅಂತ ಹೇಳಿದ್ದೇನೆ. ಅವಳು ಇಲ್ಲಿ ಓದುವುದಿಲ್ಲ ಅಂದುಕೊಂಡಿದ್ದೇನೆ.

ಟೋಲ್ ವಿಷಯ: ಪ್ಲಾಜಾದಿಂದ 20 ಕಿ.ಮೀ. ಒಳಗೆ ಮನೆ ಇರುವವರ ಸ್ವಂತ ಕಾರಿಗೆ ಲೋಕಲ್ ಮಾಸಿಕ ಪಾಸ್ ಉಂಟು. ಎಷ್ಟು ಸಲ ಬೇಕಾದರೂ ದಾಟಬಹುದು. ಆಧಾರ್, ಆರ್‌ಸಿ ಹಿಡಿದು ಪ್ಲಾಜಾ ಆಫೀಸಿಗೆ ಹೋಗಿ. ಕಾಪು–ಹೆಜಮಾಡಿ 20ರ ಒಳಗೇ ಬರುತ್ತದೆ. ವಾರ್ಷಿಕ ಪಾಸ್ ಬೆಂಗಳೂರಿಗೆ ಹೋಗಿ ಬರುವವರಿಗೆ ಲಾಭ, ನಿಮಗಲ್ಲ.

ಕಾಪು ದೀಪಸ್ತಂಭ

ಅಯ್ಯೋ ಮಾರಾಯ್ರೆ, ಇದನ್ನು ಎಂಟು ತಿಂಗಳ ಹಿಂದೆ ಹೇಳಬಾರದಿತ್ತಾ! ನಾಳೆಯೇ ಹೋಗುತ್ತೇನೆ.

ಮಲ್ಪೆ ಬಂದರ್

ತುಕ್ಕಿನ ಬಗ್ಗೆ ನಾನು ಹೇಳಬಹುದು. ಬಂದರಿನ ಒಳಗೆ ಹನ್ನೆರಡು ವರ್ಷ ಕಾರು ನಿಲ್ಲಿಸಿದವ. ಮೀನಿನ ಬಾಕ್ಸ್ ಡಿಕ್ಕಿಯಲ್ಲಿ ಹಾಕಿಕೊಂಡು ಹೋದ ದಿನಗಳೂ ಉಂಟು. ಐಸ್ ಕರಗಿದ ಉಪ್ಪು ನೀರು ಕಾರ್ಪೆಟ್ ಕೆಳಗೆ ಹೋದರೆ ಮತ್ತೆ ಯಾವ ಕೋಟಿಂಗೂ ಕಾಯುವುದಿಲ್ಲ.

ಈಗಿನ ಕಾರುಗಳ ಅಡಿಗೆ ಕಂಪನಿಯಿಂದಲೇ ಕೋಟಿಂಗ್ ಬಂದಿರುತ್ತದೆ. ಮೇಲಿಂದ ಇನ್ನೊಂದು ಹೊಡೆಸುವುದು ತಪ್ಪಲ್ಲ, ಆದರೆ ಯಾರು ಹೊಡೆಯುತ್ತಾರೆ ಅನ್ನುವುದು ಮುಖ್ಯ. ನನ್ನ ಹಳೆಯ ಕಾರಿಗೆ ಆದ ಕಥೆ: ಡೀಲರ್ ಹತ್ತಿರ ಕೋಟಿಂಗ್ ಹೊಡೆಸಿದೆ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿದು ಹೋಗಲಿಕ್ಕೆ ಸಣ್ಣ ತೂತು ಇರುತ್ತದೆ, ನೋಡಿದ್ದೀರಾ? ಆ ಹುಡುಗರು ತೂತನ್ನೂ ಸೇರಿಸಿ ಬಳಿದಿದ್ದರು. ಮಳೆನೀರು ಗಾಜಿನ ರಬ್ಬರ್ ಪಕ್ಕದಿಂದ ಒಳಗೆ ಇಳಿಯುತ್ತದೆ, ಹೊರಗೆ ಹೋಗಲಿಕ್ಕೆ ದಾರಿ ಇಲ್ಲ. ನಾಲ್ಕು ಮಳೆಗಾಲದಲ್ಲಿ ಎರಡು ಬಾಗಿಲು ಒಳಗಿನಿಂದಲೇ ತಿಂದು ಹೋಯಿತು. ಕೋಟಿಂಗ್ ಹೊಡೆದದ್ದು ತುಕ್ಕು ಬಾರದ ಹಾಗೆ, ತುಕ್ಕು ಬಂದದ್ದು ಕೋಟಿಂಗಿನಿಂದ.

ನೀವು ಮಾಡಬೇಕಾದ್ದು ಇಷ್ಟೆ. ತಿಂಗಳಿಗೆ ಒಂದು ಸಲ ಅಡಿಭಾಗಕ್ಕೆ ಬಾವಿ ನೀರು, ಪೈಪ್ ಹಿಡಿದು. ಚಕ್ರದ ಕಮಾನಿನ ಒಳಗೆ ಅಂಟಿದ ಕೆಸರು ತೆಗೆಯಿರಿ, ಉಪ್ಪು ನಿಲ್ಲುವುದು ಅಲ್ಲಿಯೇ. ಬಾಗಿಲಿನ ತೂತಿಗೆ ಹಿಡಿಕಡ್ಡಿ ಹಾಕಿ ನೋಡಿ. ಬೀಚಿನ ಮರಳಿಗೆ ಇಳಿಸಬೇಡಿ, ಅಷ್ಟೆ. ಕಾರು ಮುಚ್ಚುವ ಪ್ಲಾಸ್ಟಿಕ್ ಕವರ್ ಮಳೆಗಾಲದಲ್ಲಿ ಬೇಡವೇ ಬೇಡ, ತೇವ ಒಳಗೇ ಬೇಯುತ್ತದೆ.

ಮಣಿಪಾಲದ ಟೀಚರ್

ಮಲ್ಪೆ ಅಣ್ಣ, ತೂತಿನ ವಿಷಯ ಗೊತ್ತೇ ಇರಲಿಲ್ಲ. ಈಗಷ್ಟೇ ಹೋಗಿ ನೋಡಿ ಬಂದೆ, ಒಂದು ಮುಚ್ಚಿತ್ತು.

ನನ್ನ ಅನುಭವ ಬೇರೆ ರೀತಿಯದು. ಕಾರು ನನ್ನ ಹೆಸರಿನಲ್ಲಿ, ಸಾಲ ನನ್ನ ಸಂಬಳದಲ್ಲಿ. ಸರ್ವಿಸಿಗೆ ತಮ್ಮನನ್ನು ಕರೆದುಕೊಂಡು ಹೋದದ್ದೇ ತಪ್ಪಾಯಿತು. ಅವನಿಗೆ ಡ್ರೈವಿಂಗೇ ಬರುವುದಿಲ್ಲ. ಅಡ್ವೈಸರ್ ಪೂರ್ತಿ ಸಮಯ ಅವನ ಮುಖ ನೋಡಿ ಮಾತಾಡಿದರು. ಅವನು ಎಲ್ಲದಕ್ಕೂ "ಹಾಂ ಮಾಡಿ" ಅಂದ.

ಮುಂದಿನ ಸಲ ಒಬ್ಬಳೇ ಹೋದೆ. ಬದಲಿಸಿದ ಹಳೆಯ ಪಾರ್ಟ್ ಎಲ್ಲ ಚೀಲದಲ್ಲಿ ಹಾಕಿ ವಾಪಸ್ ಕೊಡಿ ಅಂತ ಜಾಬ್‌ಕಾರ್ಡಿನಲ್ಲೇ (ಮಾಡಬೇಕಾದ ಕೆಲಸ ಬರೆಯುವ ಹಾಳೆ) ಬರೆಸಿದೆ. ಎಸ್ಟಿಮೇಟಿನಲ್ಲಿದ್ದ ಏರ್ ಫಿಲ್ಟರ್ "ಇನ್ನೂ ಚೆನ್ನಾಗಿದೆ ಮೇಡಂ, ಬೇಡ" ಅಂತ ಅವರೇ ತೆಗೆದರು! ಎಸಿಯ ಕ್ಯಾಬಿನ್ ಫಿಲ್ಟರ್ ನಾನೇ ಬದಲಿಸುತ್ತೇನೆ. ನನ್ನ ಕಾರಿನಲ್ಲಿ ಗ್ಲೋವ್‌ಬಾಕ್ಸ್ ಕಳಚಿದರೆ ಹಿಂದೆಯೇ ಸಿಗುತ್ತದೆ. ಐದು ನಿಮಿಷ, ಸ್ಕ್ರೂ ಡ್ರೈವರೂ ಬೇಡ. ನಮ್ಮಲ್ಲಿ ಮಳೆಗಾಲ ಮುಗಿದ ಮೇಲೆ ಎಸಿ ಹಾಕಿದರೆ ಬರುವ ಬೂಸಲು ವಾಸನೆಗೆ ಅದೂ ಒಂದು ಕಾರಣ. ಅದಕ್ಕೆ 1,250ರ ನೊರೆ ಹೊಡೆಸುವ ಅಗತ್ಯ ಇಲ್ಲ. ಮನೆ ಮುಟ್ಟುವ ಎರಡು ನಿಮಿಷ ಮೊದಲು ಎಸಿ ಆಫ್ ಮಾಡಿ ಫ್ಯಾನ್ ಮಾತ್ರ ಬಿಡಿ, ಒಳಗಿನ ಕಾಯಿಲ್ ಒಣಗುತ್ತದೆ.

ಹಳೆ ಅಡ್ವೈಸರ್

ಆರು ವರ್ಷ ಮಂಗಳೂರಿನಲ್ಲಿ ಇದೇ ಕೆಲಸ ಮಾಡಿದ್ದೇನೆ. ಈಗ ಬಿಟ್ಟಿದ್ದೇನೆ, ಹಾಗಾಗಿ ಹೇಳಬಹುದು.

ಆ ಹುಡುಗನನ್ನು ಬೈಯಬೇಡಿ. ಫ್ರೀ ಸರ್ವಿಸಿನ ಲೇಬರ್ ಹಣ ಕಂಪನಿ ಡೀಲರಿಗೆ ಕೊಡುತ್ತದೆ, ಆದರೆ ಅದು ತೀರಾ ಕಡಿಮೆ. ಆಯಿಲ್, ಫಿಲ್ಟರಿನಲ್ಲಿ ಸಿಗುವುದು ನಿಗದಿ ಮಾರ್ಜಿನ್. ಶೆಡ್ಡಿನ ಬಾಡಿಗೆ, ಸಂಬಳ ಎಲ್ಲಿಂದ ಹುಟ್ಟಬೇಕು? ನೀವು ಬೇಡ ಅಂದಿರಲ್ಲ, ಆ ಸಾಲುಗಳಿಂದ. ನಮ್ಮ ಬಾಯಲ್ಲಿ ಅದಕ್ಕೆ "ವಾಸ್" ಅನ್ನುತ್ತಿದ್ದೆವು, ವ್ಯಾಲ್ಯೂ ಆ್ಯಡೆಡ್ ಸರ್ವಿಸ್. ಒಂದು ಕಾರಿಗೆ ಸರಾಸರಿ ಇಷ್ಟು ವಾಸ್ ಆಗಬೇಕು ಅಂತ ತಿಂಗಳ ಟಾರ್ಗೆಟ್. ಆಗದಿದ್ದರೆ ಇನ್ಸೆಂಟಿವ್ ಹೋಯಿತು, ಬೆಳಗಿನ ಮೀಟಿಂಗಿನಲ್ಲಿ ಎಲ್ಲರ ಎದುರು ನಿಲ್ಲಿಸಿ ಕೇಳುತ್ತಾರೆ. ನಾನೂ ನಿಂತಿದ್ದೇನೆ. ಆದ್ದರಿಂದ 25ನೇ ತಾರೀಕಿನ ನಂತರ ಸರ್ವಿಸಿಗೆ ಹೋಗಬೇಡಿ, ಆಗ ಅಡ್ವೈಸರ್‌ಗಳಿಗೆ ಕಣ್ಣು ಕಾಣುವುದಿಲ್ಲ. ಸೋಮವಾರ, ಶನಿವಾರ ಕೂಡ ಬೇಡ. ಗಾಡಿ ಜಾಸ್ತಿ, ಕೆಲಸ ಅರೆಬರೆ.

ಕಾಪುವಿನವರ ಬಿಲ್ ಬಗ್ಗೆ: ಬ್ರೇಕ್ ಕ್ಲೀನಿಂಗ್ ಪೂರ್ತಿ ದಂಡ ಅಲ್ಲ, ನಮ್ಮ ಮಳೆಗೆ ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಮಾಡಿಸಿ. ಮೇ ತಿಂಗಳಲ್ಲಿ ಮಾಡಿಸಿದರೆ ಜೂನ್ ತೊಳೆದುಕೊಂಡು ಹೋಗುತ್ತದೆ. ಎಂಜಿನ್ ಡ್ರೆಸ್ಸಿಂಗ್ ಅಂದರೆ ಪ್ಲಾಸ್ಟಿಕ್ಕಿಗೆ ಪಾಲಿಶ್, ಬಾನೆಟ್ ಒಳಗೆ ಯಾರು ನೋಡುತ್ತಾರೆ? ಮತ್ತೆ, ಒಟಿಪಿ ಕೊಡುವುದು ಅಂದರೆ ಸಹಿ ಹಾಕಿದ ಹಾಗೆ. ಮೆಸೇಜಿನ ಲಿಂಕ್ ತೆಗೆದು ಒಟ್ಟು ಮೊತ್ತ ನೋಡಿ ಆಮೇಲೆ ಕೊಡಿ. ಕಿ.ಮೀ. ಮತ್ತು ಪೆಟ್ರೋಲ್ ಮುಳ್ಳಿನ ಒಂದು ಫೋಟೊ ತೆಗೆದುಕೊಂಡೇ ಕೀ ಕೊಡಿ.

ಕಾಪು ದೀಪಸ್ತಂಭ

ಬ್ರೇಕ್ ಅಂದಾಗ ನೆನಪಾಯಿತು. ಮಳೆ ಬಂದ ಮರುದಿನ ಬೆಳಗ್ಗೆ ಗೇಟಿನಿಂದ ಹೊರಗೆ ತೆಗೆಯುವಾಗ ಕರಕರ ಅಂತ ಶಬ್ದ. ಎರಡು ಸಲ ಬ್ರೇಕ್ ಒತ್ತಿದರೆ ಇಲ್ಲ. ಇದಕ್ಕೇ ಕ್ಲೀನಿಂಗ್ ಬೇಕು ಅಂದಿದ್ದ.

ಹಳೆ ಅಡ್ವೈಸರ್

ಅದು ಡಿಸ್ಕಿನ ಮೇಲೆ ರಾತ್ರಿ ಕೂತ ತೆಳು ತುಕ್ಕು. ಪ್ಯಾಡ್ ಉಜ್ಜಿದರೆ ಹೋಗುತ್ತದೆ. ಬರೀ ಕಬ್ಬಿಣ ಅಲ್ವಾ, ಒದ್ದೆಯಾದರೆ ಕೆಂಪಾಗಲೇಬೇಕು. ಹತ್ತು ನಿಮಿಷ ಓಡಿಸಿದ ಮೇಲೂ ಶಬ್ದ ಬಂದರೆ ಮಾತ್ರ ತೋರಿಸಿ.

ಕದ್ರಿ ಗುಡ್ಡೆ

ಒಂದು ಸಂಶಯ. ಅಲೈನ್‌ಮೆಂಟ್ ಹೊರಗೆ ಮಾಡಿಸಿದರೆ ವಾರಂಟಿ ಹೋಗುವುದಿಲ್ಲವಾ? ನಮ್ಮ ಅಡ್ವೈಸರ್ "ಹೊರಗಿನವರು ಬೋಲ್ಟ್ ಮುಟ್ಟಿದರೆ ನಮ್ಮ ಜವಾಬ್ದಾರಿ ಇಲ್ಲ" ಅಂತ ಹೆದರಿಸುತ್ತಾರೆ.

ನೆರೆ ಕಂಡವ

ಸುಮ್ನೆ ಹೆದರಿಸುವುದು. 2014ರಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ಮೇಲೆ ಕೊಟ್ಟ ಆದೇಶದಲ್ಲಿ ಇದೂ ಬಂದಿತ್ತು. ಹೊರಗಿನ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಅನ್ನುವ ಷರತ್ತು ಹಾಕಬಾರದು ಅಂತ. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಕಥೆ. ಕಾನೂನು ಏನೇ ಇರಲಿ, ನಾನಾದರೆ ವಾರಂಟಿ ಮುಗಿಯುವವರೆಗೆ ಆಯಿಲ್ ಸರ್ವಿಸ್ ಡೀಲರ್ ಹತ್ತಿರವೇ ಮಾಡಿಸುತ್ತೇನೆ. ನಾಳೆ ಎಂಜಿನ್ ತಕರಾರು ಬಂದರೆ ಅವರ ಕಂಪ್ಯೂಟರಿನಲ್ಲೇ ದಾಖಲೆ ಇರುತ್ತದೆ. ಅಲೈನ್‌ಮೆಂಟ್, ತೊಳೆಯುವುದು, ವೈಪರ್, ಟಯರ್ ಇವಕ್ಕೆ ಹೊರಗೆ ಧೈರ್ಯವಾಗಿ ಹೋಗಿ.

ಕೇಳದ ಕೆಲಸಕ್ಕೆ ಹಣ ಹಾಕಿ, ಮ್ಯಾನೇಜರೂ ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದೂರಿನ ನಂಬರ್ ಬಂದ ಮೇಲೆ ಮಾತಿನ ಧಾಟಿ ಬದಲಾಗುತ್ತದೆ. ಬಿಲ್ಲಿನಲ್ಲಿ ಜಿಎಸ್‌ಟಿಯನ್ನೂ ನೋಡಿ. ಮೊದಲು ಹೆಚ್ಚಿನ ಬಿಡಿಭಾಗಗಳಿಗೆ 28% ಇತ್ತು, ಈಗ 18%. ಹಳೆಯ ಸ್ಟಾಕ್ ಅಂತ ಕಥೆ ಹೇಳಿದರೆ ಕೇಳಬೇಡಿ.

ಈಗ ನನ್ನ ಹೆಸರಿನ ಕಥೆ. 2020ರ ಸೆಪ್ಟೆಂಬರ್ ನೆರೆಯಲ್ಲಿ ನನ್ನ ಕಾರು ಉಡುಪಿಯ ಕಲ್ಸಂಕದಲ್ಲಿತ್ತು. ಬಾನೆಟ್ ತನಕ ನೀರು. ಇಳಿದ ಮೇಲೆ ನಾನು ಮಾಡಿದ ದೊಡ್ಡ ತಪ್ಪು, ಕೀ ತಿರುಗಿಸಿದ್ದು. ಸಿಲಿಂಡರಿನೊಳಗೆ ನೀರು ಇದ್ದರೆ ಪಿಸ್ಟನ್ ಮೇಲೆ ಬರುವಾಗ ಅದನ್ನು ಒತ್ತಲಿಕ್ಕಾಗುವುದಿಲ್ಲ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗಿತು. ಇನ್ಶೂರೆನ್ಸಿನ ಸರ್ವೆಯರ್ ಬಂದು, ಸೀಟು ವಯರಿಂಗ್ ಎಲ್ಲ ಕೊಡುತ್ತೇವೆ, ಎಂಜಿನ್ ಇಲ್ಲ, ನೀವು ಸ್ಟಾರ್ಟ್ ಮಾಡಿದ್ದೀರಿ ಅಂದರು. ಎಂಜಿನ್ ಪ್ರೊಟೆಕ್ಷನ್ ಅನ್ನುವ ಆ್ಯಡ್‌ಆನ್ ನನ್ನ ಪಾಲಿಸಿಯಲ್ಲಿ ಇರಲಿಲ್ಲ. ಎರಡು ಸಾವಿರ ಉಳಿಸಲಿಕ್ಕೆ ಹೋಗಿ ಲಕ್ಷದ ಮೇಲೆ ಹೋಯಿತು. ಕೊಟ್ಟಾರ ಚೌಕಿ, ಪಡೀಲ್ ಅಂಡರ್‌ಪಾಸ್ ದಾರಿಯಲ್ಲಿ ದಿನಾ ಓಡಾಡುವವರು ದಯವಿಟ್ಟು ಇದನ್ನು ಬಿಡಬೇಡಿ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ.

ಕಾಪು ದೀಪಸ್ತಂಭ

ನನ್ನದರಲ್ಲಿ ಉಂಟು, ಪುಣ್ಯ. ಇನ್ಶೂರೆನ್ಸ್ ಡೀಲರ್ ಹೇಳಿದ್ದು 46,000. ಅದೇ ಕವರ್ ಹೊರಗೆ 35,000ಕ್ಕೆ ಸಿಕ್ಕಿತು. ಇನ್ಶೂರೆನ್ಸ್ ಅವರ ಹತ್ತಿರವೇ ಮಾಡಿಸಬೇಕು ಅಂತ ಕಡ್ಡಾಯ ಏನಿಲ್ಲ. ಹೊರಗಿನ ಕೊಟೇಶನ್ ತೋರಿಸಿದಾಗ ಅವರೂ 38,000ಕ್ಕೆ ಇಳಿದರು. ಆಗ ನನಗೆ ಇನ್ನೂ ಸಿಟ್ಟು ಬಂತು.

ಕುಂದಾಪ್ರದ ಮಾಣಿ

ಎಲ್ಲ ಸರಿ ಮಾರಾಯ್ರೆ, ಇಲಿ ವಿಷಯದಲ್ಲಿ ಮಾತ್ರ ಸಸಾರ ಮಾಡಬೇಡಿ. ನಮ್ಮ ಮನೆ ಗದ್ದೆ ಬದಿ. ಕಾರು ನಿಲ್ಲಿಸುವ ಶೆಡ್ಡಲ್ಲೇ ತೆಂಗಿನಕಾಯಿ ರಾಶಿ. ಮಳೆಗೆ ಗದ್ದೆಯಲ್ಲಿ ನೀರು ನಿಂತ ಕೂಡಲೇ ಇಲಿ ಮೇಲೆ ಬರುತ್ತದೆ, ಬೆಚ್ಚಗಿನ ಜಾಗ ಹುಡುಕುತ್ತದೆ. ಓಡಿ ಬಂದ ಎಂಜಿನಿಗಿಂತ ಬೆಚ್ಚಗಿನದು ಎಂತ ಉಂಟು? ಒಂದು ರಾತ್ರಿ, ವಯರಿಂಗ್ ಹಾರ್ನೆಸ್, 22,000. ಹೊಗೆಸೊಪ್ಪು ಕಟ್ಟಿದೆ, ಅದನ್ನೂ ತಿಂದಿತು. ನುಸಿಗುಳಿಗೆ ಹಾಕಿದೆ, ವಾಸನೆಗೆ ನಾವು ಕಾರು ಹತ್ತಲಿಕ್ಕಾಗಲಿಲ್ಲ, ಇಲಿಗೆ ಏನೂ ಆಗಲಿಲ್ಲ. ಕೊನೆಗೆ ತೆಂಗಿನಕಾಯಿ ಬೇರೆ ಕಡೆ ಹಾಕಿ, ರಾತ್ರಿ ಬಾನೆಟ್ ಎತ್ತಿ ಒಂದು ಬಲ್ಬ್ ಉರಿಸಿ ಇಟ್ಟೆ. ಎರಡು ಮಳೆಗಾಲ ಆಯಿತು, ಬಂದಿಲ್ಲ.

ಮಲ್ಪೆ ಬಂದರ್

ನಮ್ಮಲ್ಲಿ ಬೆಕ್ಕು ಉಂಟು. ಮೀನು ಇರುವಲ್ಲಿ ಬೆಕ್ಕು, ಬೆಕ್ಕು ಇರುವಲ್ಲಿ ಇಲಿ ಇಲ್ಲ. ಆದರೆ ಬಾನೆಟ್ ಮೇಲೆ ಪೂರ್ತಿ ಗೀರು.

ಕಾಪು ದೀಪಸ್ತಂಭ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಲೋಕಲ್ ಪಾಸ್ ಆಯಿತು, ಬಂಟ್ವಾಳದವರಿಗೆ ಒಂದು ಗಡ್‌ಬಡ್ ಐಸ್‌ಕ್ರೀಂ ಬಾಕಿ. ಬಾಗಿಲಿನ ತೂತು ನಾಲ್ಕೂ ಸರಿ ಇದ್ದವು.

ಡೀಲರ್ ಕಡೆಯಿಂದ ಮೂರು ಸಲ ಫೋನ್, "ಸರ್, ಫೀಡ್‌ಬ್ಯಾಕಿಗೆ ಹತ್ತಕ್ಕೆ ಹತ್ತು ಕೊಡಿ". ಅದೇ ಹುಡುಗ. ಹಳೆ ಅಡ್ವೈಸರ್ ಬರೆದದ್ದು ಓದಿದ ಮೇಲೆ ಪಾಪ ಅನಿಸಿತು, ಅವನಿಗೆ ಹತ್ತು ಕೊಟ್ಟೆ. ಬಿಲ್ಲಿಂಗ್‌ಗೆ ನಾಲ್ಕು.

ಮತ್ತೆ ನಿನ್ನೆ ಬೆಳಗ್ಗೆ ಗಾಜು ತೊಳೆಯಲಿಕ್ಕೆ ಲಿವರ್ ಎಳೆದರೆ ನೀರು ಬರಲಿಲ್ಲ. ಬಾನೆಟ್ ಎತ್ತಿದೆ. ವಾಷರ್ ಪೈಪ್ ತುಂಡು ತುಂಡು, ಪಕ್ಕದಲ್ಲಿ ಅರ್ಧ ತಿಂದ ಗೋಟಡಿಕೆ. ಅಮ್ಮ ಜಗಲಿಯಿಂದಲೇ, "ಆ 800 ಕೊಟ್ಟಿದ್ದರೆ ಆಗುತ್ತಿತ್ತಲ್ಲ" ಅಂದರು.

ಹಳೆ ಅಡ್ವೈಸರ್

ಕೊಟ್ಟಿದ್ದರೂ ಆಗುತ್ತಿರಲಿಲ್ಲ. ಆ ಸ್ಪ್ರೇ ಎರಡು ಮಳೆಗೆ ತೊಳೆದು ಹೋಗುತ್ತದೆ. ಅಮ್ಮನಿಗೆ ಹೇಳಿ. ವಯರ್ ಬಿಟ್ಟು ಪೈಪ್ ತಿಂದಿದೆ ಅಂದರೆ ನಿಮ್ಮ ಅದೃಷ್ಟ.

ಕುಂದಾಪ್ರದ ಮಾಣಿ

ನಾನು ಹೇಳಿದ್ದೆ. ಇವತ್ತು ರಾತ್ರಿಯೇ ಬಲ್ಬ್ ಹಾಕಿ, ಅದು ಮತ್ತೆ ಬರುತ್ತದೆ.

ಕಾಪು ದೀಪಸ್ತಂಭ

ಬಲ್ಬ್ ಹಾಕಲಿಕ್ಕೆ ಕರೆಂಟ್ ಬೇಕಲ್ಲ ಮಾರಾಯ್ರೆ. ಡೀಲರ್ ಪೂರ್ತಿ ಸೆಟ್ಟೇ ಬದಲಿಸಬೇಕು, 1,400 ಅಂತಾರೆ. ಒಂದು ಮೀಟರ್ ವಾಷರ್ ಪೈಪ್ ಉಡುಪಿಯಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತದೆ, ಯಾರಿಗಾದರೂ ಗೊತ್ತುಂಟಾ?

ಬಂಟ್ವಾಳ 70

ಮೀನಿನ ಅಕ್ವೇರಿಯಂ ಅಂಗಡಿಗೆ ಹೋಗಿ. ಗಾಳಿ ಬಿಡುವ ಪೈಪ್ ಸುಮಾರು ಅದೇ ಅಳತೆ, ನಾನು ಹಾಕಿ ಎರಡು ವರ್ಷ ಆಯಿತು. ಮೀಟರಿಗೆ ಇಪ್ಪತ್ತು ರೂಪಾಯಿ. ಗಡ್‌ಬಡ್ ಎರಡಾಯಿತು.